ಸಿ ಪ್ರೋಗ್ರಾಮ್ ಒಳಗೆ ಲುವಾ ಕೂರಿಸಿದ ಮೇಲೆ ಮೆಮೊರಿ ಏರುತ್ತಲೇ ಇದೆ, ವಾಲ್‌ಗ್ರಿಂಡ್ ಮಾತ್ರ ಸೊನ್ನೆ ಅನ್ನುತ್ತದೆ

ತುಂಗಾತೀರ

ಲಿನಕ್ಸ್ ಮೇಲೆ ಹಗಲು ರಾತ್ರಿ ಓಡುವ ಸಿ ಡೀಮನ್ (ಹಿನ್ನೆಲೆಯ ಪ್ರೋಗ್ರಾಮ್) ಒಂದಿದೆ, ಅದರೊಳಗೆ ಲುವಾ ಎಂಬ ಸ್ಕ್ರಿಪ್ಟ್ ಭಾಷೆಯ 5.4.6 ಆವೃತ್ತಿ ಎಂಬೆಡ್ ಆಗಿದೆ, ಅಂದರೆ ಒಳಗೇ ಕೂತಿದೆ. ಶುರುವಿನಲ್ಲಿ ಒಂದೇ ಒಂದು ಲುವಾ_ಸ್ಟೇಟ್ ತೆರೆಯುತ್ತದೆ, ಪ್ರೋಗ್ರಾಮ್ ನಿಲ್ಲುವಾಗ ಲುವಾ_ಕ್ಲೋಸ್ ಆಗುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ‘ಸೆನ್ಸರ್’ ಎಂಬ ಯೂಸರ್‌ಡೇಟಾ (ಸಿ ಡೇಟಾ ಹೊತ್ತ ಲುವಾ ಆಬ್ಜೆಕ್ಟ್) ಕೊಟ್ಟಿದೆ. ಅದಕ್ಕೆ ಅವರು ಕಾಲ್‌ಬ್ಯಾಕ್ ಫಂಕ್ಷನ್ (ಈವೆಂಟ್ ಬಂದಾಗ ಕರೆಯಬೇಕಾದದ್ದು) ಕೊಡುತ್ತಾರೆ. ಸಿ ಕಡೆಯ ಕೋಡ್ ಆ ಫಂಕ್ಷನ್ನನ್ನು ಲುವಾಎಲ್_ರೆಫ್ ಮೂಲಕ ರಿಜಿಸ್ಟ್ರಿಗೆ (ಸಿ ಕೋಡ್ ಲುವಾ ಬೆಲೆಗಳನ್ನು ಇಟ್ಟುಕೊಳ್ಳುವ ಟೇಬಲ್) ಸೇರಿಸಿ, ಸಿಕ್ಕ ನಂಬರನ್ನು ಸೆನ್ಸರ್ ಸ್ಟ್ರಕ್ಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸೆನ್ಸರ್‌ನ __ಜಿಸಿ ಮೆಟಾಮೆಥಡ್‌ನಲ್ಲಿ (ಬೇಡವಾದ ಆಬ್ಜೆಕ್ಟ್ ಗುಡಿಸುವ ಕಲೆಕ್ಟರ್ ಕೊನೆಗೆ ಕರೆಯುವ ಫಂಕ್ಷನ್, ಅಂದರೆ ಫೈನಲೈಸರ್) ಅದನ್ನು ರಿಜಿಸ್ಟ್ರಿಯಿಂದ ತೆಗೆಯುವ ಲುವಾಎಲ್_ಅನ್‌ರೆಫ್ ಇದೆ.

ಆರ್‌ಎಸ್‌ಎಸ್ (ಪ್ರೋಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ನಿಧಾನವಾಗಿ, ಆದರೆ ಬಿಡದೆ ಏರುತ್ತದೆ. ಮೆಮೊರಿ ಸೋರಿಕೆ ಹುಡುಕುವ ವಾಲ್‌ಗ್ರಿಂಡ್‌ನಲ್ಲಿ ಓಡಿಸಿ ನಿಲ್ಲಿಸಿದರೆ ‘ಖಚಿತವಾಗಿ ಕಳೆದುಹೋದದ್ದು 0 ಬೈಟ್’ ಎಂದೇ ಬರುತ್ತದೆ. ಹಾಗಾದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು? ಮುಂದೆ ಇದೇ ಡೀಮನ್‌ಗೆ ಪೈಥಾನ್ ಕೂಡ ಸೇರಿಸುವ ಯೋಚನೆ ಇದೆ, ಹಾಗಾಗಿ ಅಲ್ಲಿನ ಅಪಾಯಗಳನ್ನೂ ತಿಳಿಸಿದರೆ ಉಪಕಾರ.

ಸಹ್ಯಾದ್ರಿ

ವಾಲ್‌ಗ್ರಿಂಡ್ ಸೊನ್ನೆ ತೋರಿಸಲೇಬೇಕು. ಲುವಾ_ಕ್ಲೋಸ್ ಆ ಸ್ಟೇಟ್‌ಗೆ ಸೇರಿದ ಪ್ರತಿಯೊಂದು ಆಬ್ಜೆಕ್ಟನ್ನೂ ಬಿಡುಗಡೆ ಮಾಡುತ್ತದೆ, ಯಾರು ಹಿಡಿದುಕೊಂಡಿದ್ದಾರೆ ಎಂದು ನೋಡುವುದಿಲ್ಲ. ವಾಲ್‌ಗ್ರಿಂಡ್ ಲೆಕ್ಕ ಕೊಡುವುದು ಅದರ ನಂತರ. ಹೀಗಾಗಿ ಇಂಟರ್‌ಪ್ರಿಟರ್ ಎಂಬೆಡ್ ಮಾಡಿದಾಗ ಬರುವ ಸೋರಿಕೆಗಳಲ್ಲಿ ಹೆಚ್ಚಿನವು ಅದಕ್ಕೆ ಕಾಣುವುದೇ ಇಲ್ಲ. ಪಾಯಿಂಟರ್ ಕಳೆದುಹೋಗಿಲ್ಲ, ಬೇಡವಾದದ್ದನ್ನು ಯಾರೋ ಇನ್ನೂ ಹಿಡಿದಿದ್ದಾರೆ. ಅದು ಸಿ ಕಡೆಯೋ ಲುವಾ ಕಡೆಯೋ ಅನ್ನುವುದನ್ನು ಮೊದಲು ತೀರ್ಮಾನಿಸಿ. ಅದಾಗುವ ತನಕ ಕೋಡ್ ಓದುತ್ತಾ ಕೂತರೆ ಸಮಯ ವ್ಯರ್ಥ.

ಮೂರು ಸಂಖ್ಯೆಗಳನ್ನು ಒಟ್ಟಿಗೆ ಲಾಗ್ ಮಾಡಿ:

1. ಲುವಾ_ಜಿಸಿಗೆ ಕಲೆಕ್ಟ್ ಆಜ್ಞೆಯನ್ನು ಎರಡು ಸಲ ಕೊಟ್ಟು, ಆಮೇಲೆ ಕೌಂಟ್ ಕೇಳಿ. ಉತ್ತರ ಕಿಲೋಬೈಟ್‌ನಲ್ಲಿ ಬರುತ್ತದೆ. ಎರಡು ಸಲ ಏಕೆಂದರೆ, __ಜಿಸಿ ಇರುವ ಆಬ್ಜೆಕ್ಟ್ ಮೊದಲ ಸುತ್ತಿನಲ್ಲಿ ಫೈನಲೈಸರ್ ಕರೆಸಿಕೊಳ್ಳಲು ಮತ್ತೆ ಜೀವ ಪಡೆಯುತ್ತದೆ. ಅದರ ಮೆಮೊರಿ ಹೋಗುವುದು ಎರಡನೇ ಸುತ್ತಿನಲ್ಲಿ.
2. ಅದೇ ಕ್ಷಣದಲ್ಲಿ ಲುವಾ_ಗೆಟ್‌ಟಾಪ್ ಎಷ್ಟು ಎಂದು ನೋಡಿ. ಇದನ್ನು ಮುಖ್ಯ ಲೂಪ್‌ನ ತಳದಲ್ಲೇ ಕೇಳಬೇಕು, ಕಾಲ್‌ಬ್ಯಾಕ್ ಒಳಗಲ್ಲ.
3. /ಪ್ರಾಕ್/ಸೆಲ್ಫ್/ಸ್ಟ್ಯಾಟ್‌ಎಮ್ ಫೈಲಿನ ಎರಡನೇ ಅಂಕಣ. ಅದು ಪೇಜ್ ಲೆಕ್ಕದಲ್ಲಿರುತ್ತದೆ. ಪೇಜ್ ಗಾತ್ರದಿಂದ ಗುಣಿಸಿದರೆ ಆರ್‌ಎಸ್‌ಎಸ್.

ಮೊದಲನೆಯದು ಏರುತ್ತಿದ್ದರೆ ಲುವಾ ಆಬ್ಜೆಕ್ಟ್‌ಗಳನ್ನು ಯಾರೋ ಹಿಡಿದಿದ್ದಾರೆ. ಎರಡನೆಯದು ಏರುತ್ತಿದ್ದರೆ ಸ್ಟ್ಯಾಕ್‌ನಿಂದ ಪಾಪ್ ಮಾಡುವುದು ಎಲ್ಲೋ ಬಿಟ್ಟುಹೋಗಿದೆ. ಮೂರನೆಯದು ಮಾತ್ರ ಏರುತ್ತಿದ್ದರೆ ನಿಮ್ಮ ಮ್ಯಾಲಾಕ್‌ಗಳನ್ನು ನೋಡಬೇಕು, ಇಲ್ಲವೇ ಹೀಪ್ ಚೂರುಚೂರಾಗಿದೆ.

ಇನ್ನೂ ಖಚಿತ ಲೆಕ್ಕ ಬೇಕಿದ್ದರೆ ಲುವಾಎಲ್_ನ್ಯೂಸ್ಟೇಟ್ ಬದಲು ಲುವಾ_ನ್ಯೂಸ್ಟೇಟ್ ಬಳಸಿ ಸ್ವಂತ ಅಲೊಕೇಟರ್ ಕೊಡಿ. ಹತ್ತಿಪ್ಪತ್ತು ಸಾಲಿನ ಕೆಲಸ. ಅದರಲ್ಲಿ ಒಂದು ಬಲೆ ಇದೆ: ಹಳೆಯ ಪಾಯಿಂಟರ್ ನಲ್ ಆಗಿದ್ದಾಗ ಓಸೈಜ್ ಎಂಬ ಆರ್ಗ್ಯುಮೆಂಟ್ ಗಾತ್ರ ಅಲ್ಲ, ಯಾವ ಬಗೆಯ ಆಬ್ಜೆಕ್ಟ್ ಎಂಬ ಸಂಕೇತ. ಅದನ್ನು ಗಾತ್ರವೆಂದು ಕಳೆದರೆ ನಿಮ್ಮ ಲೆಕ್ಕವೇ ತಪ್ಪಿ, ಇಲ್ಲದ ಸೋರಿಕೆಯನ್ನು ಬೆನ್ನಟ್ಟುತ್ತೀರಿ. ಲುವಾ_ನ್ಯೂಸ್ಟೇಟ್ ಪ್ಯಾನಿಕ್ ಫಂಕ್ಷನ್ ಹಾಕಿಕೊಡುವುದಿಲ್ಲ, ಲುವಾ_ಅಟ್‌ಪ್ಯಾನಿಕ್ ನೀವೇ ಕರೆಯಬೇಕು.

ತುಂಗಾತೀರ

ನೋಡಿದೆ ಸರ್. ಎರಡು ಪೂರ್ಣ ಕಲೆಕ್ಷನ್ ಆದ ಮೇಲೂ ಲುವಾ ಕೌಂಟ್ ಏರುತ್ತದೆ, ಆರ್‌ಎಸ್‌ಎಸ್ ಅದರ ಜೊತೆಜೊತೆಗೇ ಹೋಗುತ್ತದೆ. ಗೆಟ್‌ಟಾಪ್ ಅಲುಗಾಡುವುದಿಲ್ಲ.

ಬಯಲುಸೀಮೆ

ಹಾಗಾದರೆ ಮುಂದಿನ ನಿಲ್ದಾಣ ರಿಜಿಸ್ಟ್ರಿ. ಅದೂ ಒಂದು ಸಾಮಾನ್ಯ ಟೇಬಲ್ಲೇ. ಲುವಾ_ನೆಕ್ಸ್ಟ್ ಹಾಕಿ ಪೂರ್ತಿ ಸುತ್ತಬಹುದು. ಪೂರ್ಣಾಂಕ ಕೀ ಇರುವ ನಮೂದುಗಳನ್ನು ಮಾತ್ರ ತೆಗೆದುಕೊಂಡು, ವ್ಯಾಲ್ಯೂ ಯಾವ ಟೈಪ್ ಎಂದು ಬೇರೆಬೇರೆ ಎಣಿಸಿ.

ಎಣಿಸುವಾಗ ಗಮನಿಸಿ: ಕೀ 1 ಮುಖ್ಯ ಥ್ರೆಡ್, ಕೀ 2 ಗ್ಲೋಬಲ್ಸ್ ಟೇಬಲ್, ಇವೆರಡು ಯಾವತ್ತೂ ಇರುತ್ತವೆ. ವ್ಯಾಲ್ಯೂ ನಂಬರ್ ಆಗಿದ್ದರೆ ಅದು ಅನ್‌ರೆಫ್ ಆಗಿ ಖಾಲಿ ಬಿದ್ದ ಸ್ಲಾಟ್, ಮುಂದಿನ ಖಾಲಿ ಸ್ಲಾಟ್ ಯಾವುದೆಂದು ಅದರಲ್ಲಿ ಬರೆದಿರುತ್ತದೆ. ವ್ಯಾಲ್ಯೂ ಫಂಕ್ಷನ್ ಆಗಿದ್ದರೆ ಅದು ಜೀವಂತ ಕಾಲ್‌ಬ್ಯಾಕ್. ನಂಬರ್‌ಗಳು ಎಷ್ಟೇ ಇದ್ದರೂ ಚಿಂತೆಯಿಲ್ಲ, ಅವು ಮತ್ತೆ ಬಳಕೆಯಾಗುತ್ತವೆ. ಫಂಕ್ಷನ್‌ಗಳ ಎಣಿಕೆ ಬದುಕಿರುವ ಸೆನ್ಸರ್‌ಗಳಿಗಿಂತ ಮುಂದೆ ಓಡುತ್ತಿದ್ದರೆ ಅನ್‌ರೆಫ್ ತಪ್ಪಿದೆ.

ಇದು ಸಾಮಾನ್ಯವಾಗಿ ತಪ್ಪುವುದು ಸೆಟ್ಟರ್‌ನಲ್ಲಿ. ಅದೇ ಸೆನ್ಸರ್‌ಗೆ ಎರಡನೇ ಸಲ ಕಾಲ್‌ಬ್ಯಾಕ್ ಕೊಟ್ಟಾಗ ಹಳೆಯ ನಂಬರಿನ ಮೇಲೆ ಹೊಸದನ್ನು ಬರೆದುಬಿಡುತ್ತಾರೆ. ಹಳೆಯ ಫಂಕ್ಷನ್ ರಿಜಿಸ್ಟ್ರಿಯಲ್ಲೇ ಅನಾಥವಾಗಿ ಉಳಿಯುತ್ತದೆ. ಸ್ಟ್ರಕ್ಟ್ ಹುಟ್ಟುವಾಗಲೇ ಆ ಫೀಲ್ಡ್‌ಗೆ ಲುವಾ_ನೋರೆಫ್, ಅಂದರೆ -2, ತುಂಬಿಡಿ. ಸೆಟ್ಟರ್‌ನಲ್ಲಿ ಯಾವ ಇಫ್ ಕೂಡ ಬೇಡ: ಮೊದಲು ಅನ್‌ರೆಫ್, ಆಮೇಲೆ ರೆಫ್. ನೋರೆಫ್ ಮತ್ತು ರೆಫ್‌ನಿಲ್ ಮೇಲೆ ಅನ್‌ರೆಫ್ ಕರೆದರೆ ಏನೂ ಆಗುವುದಿಲ್ಲ. ಆದರೆ ಫೀಲ್ಡನ್ನು ಕ್ಯಾಲಾಕ್‌ನ ಸೊನ್ನೆಯಲ್ಲೇ ಬಿಡಬೇಡಿ. 5.4ರ ಮೊದಲ ಬಿಡುಗಡೆಗಳಲ್ಲಿ ಖಾಲಿ ಸ್ಲಾಟ್‌ಗಳ ಪಟ್ಟಿಯ ತಲೆ ಇರುವುದೇ ಕೀ 0ರಲ್ಲಿ.

ತುಂಗಾತೀರ

ಸೆಟ್ಟರ್‌ನಲ್ಲಿ ಅನ್‌ರೆಫ್ ಇದೆ. ಆದರೂ ಜೀವಂತ ಫಂಕ್ಷನ್‌ಗಳ ಎಣಿಕೆ ಏರುತ್ತದೆ. __ಜಿಸಿಯಲ್ಲಿ ಪ್ರಿಂಟ್ ಹಾಕಿದರೆ ಕೆಲವು ಸೆನ್ಸರ್‌ಗಳಿಗೆ ಅದು ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಬಾರದೇ ಇರುವವುಗಳ ಸ್ಕ್ರಿಪ್ಟ್ ಈ ಥರ ಇದೆ:

ಲೋಕಲ್ ಎಸ್ = ಸೆನ್ಸರ್.ನ್ಯೂ("ತಾಪ")
ಎಸ್:ಆನ್‌ಚೇಂಜ್(ಫಂಕ್ಷನ್(ವಿ) ಪ್ರಿಂಟ್(ಎಸ್:ನೇಮ್(), ವಿ) ಎಂಡ್)

ಸಹ್ಯಾದ್ರಿ

ಸಿಕ್ಕಿತು. ಆ ಎರಡನೇ ಸಾಲಿನ ಫಂಕ್ಷನ್ ಒಳಗೆ ‘ಎಸ್’ ಬಳಕೆಯಾಗಿದೆ, ಅಂದರೆ ಎಸ್ ಅದರ ಅಪ್‌ವ್ಯಾಲ್ಯೂ (ಹೊರಗಿನಿಂದ ಹಿಡಿದಿಟ್ಟ ವೇರಿಯಬಲ್), ಹಾಗೆ ಹಿಡಿದಿಟ್ಟ ಫಂಕ್ಷನ್ನೇ ಕ್ಲೋಶರ್. ಈಗ ಸರಪಳಿ ಹೀಗಿದೆ: ರಿಜಿಸ್ಟ್ರಿ ಕ್ಲೋಶರ್ ಅನ್ನು ಹಿಡಿದಿದೆ, ಕ್ಲೋಶರ್ ಸೆನ್ಸರ್ ಅನ್ನು ಹಿಡಿದಿದೆ. ರಿಜಿಸ್ಟ್ರಿಯಿಂದ ಕ್ಲೋಶರ್ ಹೋಗಬೇಕಾದರೆ ಅನ್‌ರೆಫ್ ಆಗಬೇಕು. ಅನ್‌ರೆಫ್ ಇರುವುದು ಸೆನ್ಸರ್‌ನ __ಜಿಸಿಯಲ್ಲಿ. ಸೆನ್ಸರ್ ಸಾಯದೆ __ಜಿಸಿ ಬರುವುದಿಲ್ಲ, ಕ್ಲೋಶರ್ ಇರುವ ತನಕ ಸೆನ್ಸರ್ ಸಾಯುವುದಿಲ್ಲ.

ಲುವಾ ಕಲೆಕ್ಟರ್‌ಗೆ ಸುತ್ತುಕೊಂಡಿಗಳು ಹೊಸದೇನಲ್ಲ, ಎರಡು ಟೇಬಲ್‌ಗಳು ಒಂದನ್ನೊಂದು ಹಿಡಿದಿದ್ದರೆ ಎರಡನ್ನೂ ಗುಡಿಸುತ್ತದೆ. ಇಲ್ಲಿ ಸೋತದ್ದಕ್ಕೆ ಕಾರಣ, ಕೊಂಡಿಯ ಒಂದು ಗೆಣ್ಣು ಸಿ ಸ್ಟ್ರಕ್ಟ್ ಒಳಗಿನ ಒಂದು ಇಂಟ್. ಅದು ರೆಫರೆನ್ಸ್ ಎಂದು ಕಲೆಕ್ಟರ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ರಿಜಿಸ್ಟ್ರಿ ಮಾತ್ರ, ರಿಜಿಸ್ಟ್ರಿ ಎಂದರೆ ರೂಟ್, ಕಲೆಕ್ಟರ್ ಹುಡುಕಾಟ ಶುರುಮಾಡುವ, ಯಾವತ್ತೂ ಜೀವಂತವಿರುವ ಜಾಗ.

ಪರಿಹಾರ: ಆ ಸಂಬಂಧವನ್ನು ಕಲೆಕ್ಟರ್‌ಗೆ ಕಾಣುವ ಜಾಗಕ್ಕೆ ತನ್ನಿ. ಯೂಸರ್‌ಡೇಟಾ ಮಾಡುವಾಗ ಲುವಾ_ನ್ಯೂಯೂಸರ್‌ಡೇಟಾಯುವಿಯ ಕೊನೆಯ ಆರ್ಗ್ಯುಮೆಂಟ್ 1 ಕೊಡಿ, ಕಾಲ್‌ಬ್ಯಾಕನ್ನು ಲುವಾ_ಸೆಟ್‌ಐಯೂಸರ್‌ವ್ಯಾಲ್ಯೂ ಮೂಲಕ ಆ 1ನೇ ಯೂಸರ್‌ವ್ಯಾಲ್ಯೂ ಆಗಿ ಇಡಿ. ಲುವಾಎಲ್_ರೆಫ್ ಪೂರ್ತಿ ತೆಗೆದುಹಾಕಿ. ಈಗ ಸೆನ್ಸರ್ ಕ್ಲೋಶರನ್ನು, ಕ್ಲೋಶರ್ ಸೆನ್ಸರನ್ನು ಹಿಡಿದಿದ್ದರೂ ಹೊರಗಿನಿಂದ ಯಾರೂ ಹಿಡಿಯದಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. 5.2 ಮತ್ತು 5.3ರಲ್ಲಿ ಇದಕ್ಕೆ ಲುವಾ_ಸೆಟ್‌ಯೂಸರ್‌ವ್ಯಾಲ್ಯೂ ಇದೆ, ಆದರೆ 5.2ರಲ್ಲಿ ಅದು ಟೇಬಲ್ ಅಥವಾ ನಿಲ್ ಮಾತ್ರ ಒಪ್ಪುತ್ತದೆ. 5.1 ಮತ್ತು ಲುವಾಜಿಟ್‌ನಲ್ಲಿ ಲುವಾ_ಸೆಟ್‌ಎಫ್‌ಎನ್‌ವಿ ಬಳಸಿ ಒಂದು ಚಿಕ್ಕ ಟೇಬಲ್ ಅಂಟಿಸಬೇಕು.

ಕಬಿನಿ

ಹಾಗೆ ಮಾಡಿದರೆ ಈವೆಂಟ್ ಬಂದಾಗ ಸಿ ಕೋಡ್ ಬಳಿ ಸ್ಟ್ರಕ್ಟ್ ಪಾಯಿಂಟರ್ ಮಾತ್ರ ಇರುತ್ತದಲ್ಲ. ಅದರಿಂದ ಯೂಸರ್‌ಡೇಟಾ ಸ್ಟ್ಯಾಕ್ ಮೇಲೆ ತರುವುದು ಹೇಗೆ?

ಸಹ್ಯಾದ್ರಿ

ಒಂದು ವೀಕ್ ಟೇಬಲ್ ಬೇಕು, ಅಂದರೆ ತನ್ನಲ್ಲಿರುವುದನ್ನು ಸಾಯದಂತೆ ಹಿಡಿದಿಡದ ಟೇಬಲ್. ಅದರ ಮೆಟಾಟೇಬಲ್‌ನಲ್ಲಿ (ನಡವಳಿಕೆ ಹೇಳುವ ಟೇಬಲ್) __ಮೋಡ್ ಬೆಲೆ "ವಿ". ಕೀ ಸ್ಟ್ರಕ್ಟ್ ಪಾಯಿಂಟರ್, ವ್ಯಾಲ್ಯೂ ಯೂಸರ್‌ಡೇಟಾ. ಸೆನ್ಸರ್ ಹುಟ್ಟುವಾಗ ಲುವಾ_ರಾಸೆಟ್‌ಪಿ, ಈವೆಂಟ್ ಬಂದಾಗ ಲುವಾ_ರಾಗೆಟ್‌ಪಿ. ನಿಲ್ ಬಂದರೆ ಸೆನ್ಸರ್ ಹೋಗಿದೆ ಎಂದರ್ಥ. ಪಾಪ್ ಮಾಡಿ ವಾಪಸ್ ಬನ್ನಿ. ವೀಕ್ ವ್ಯಾಲ್ಯೂಗಳು ಫೈನಲೈಸರ್ ಓಡುವ ಮೊದಲೇ ಟೇಬಲ್‌ನಿಂದ ಕಳಚಿಕೊಳ್ಳುತ್ತವೆ, ಹಾಗಾಗಿ ಅರ್ಧ ಸತ್ತ ಸೆನ್ಸರ್ ಕೈಗೆ ಸಿಗುವ ಭಯ ಇಲ್ಲ. ಸಾಯುವ ಆಬ್ಜೆಕ್ಟನ್ನು ವೀಕ್ ಕೀ ಮಾಡಿದ್ದರೆ ಹಾಗಲ್ಲ. ಅದು ಮುಂದಿನ ಸುತ್ತಿನವರೆಗೆ ಅಲ್ಲೇ ಇರುತ್ತದೆ.

ಒಂದು ತೀರ್ಮಾನ ಮಾತ್ರ ನೀವೇ ಮಾಡಬೇಕು. ಮೇಲಿನ ಸ್ಕ್ರಿಪ್ಟ್‌ನಲ್ಲಿ ಎಸ್ ಲೋಕಲ್. ಆ ಫೈಲ್ ಓಡಿ ಮುಗಿದ ಮೇಲೆ ಸೆನ್ಸರನ್ನು ಯಾರೂ ಹಿಡಿದಿರುವುದಿಲ್ಲ, ಮುಂದಿನ ಕಲೆಕ್ಷನ್‌ನಲ್ಲಿ ಅದು ಕಾಲ್‌ಬ್ಯಾಕ್ ಸಮೇತ ಹೋಗುತ್ತದೆ. ಸ್ಕ್ರಿಪ್ಟ್ ಬರೆದವರು ‘ಸ್ವಲ್ಪ ಹೊತ್ತು ಕೆಲಸ ಮಾಡಿ ನಿಂತುಹೋಗುತ್ತದೆ’ ಎಂದು ದೂರುತ್ತಾರೆ, ಅದು ನ್ಯಾಯವೇ. ಹಾಗಾಗಿ ಸ್ಟಾರ್ಟ್ ಮತ್ತು ಸ್ಟಾಪ್ ಎಂಬ ಎರಡು ಮೆಥಡ್ ಕೊಡಿ. ಸ್ಟಾರ್ಟ್ ಆದಾಗ ಸೆನ್ಸರನ್ನು ಒಂದು ಗಟ್ಟಿ ಟೇಬಲ್‌ಗೆ ಸೇರಿಸಿ, ಸ್ಟಾಪ್ ಆದಾಗ ಅಥವಾ ಸಾಧನ ಕಳಚಿದಾಗ ತೆಗೆಯಿರಿ. ಎಷ್ಟು ಹೊತ್ತು ಬದುಕಬೇಕು ಎಂಬುದು ಆಗ ಎಪಿಐಯಲ್ಲೇ ಎದ್ದು ಕಾಣುತ್ತದೆ.

ಕಾರವಾರದ ಕಡೆಯವ

ಇದೇ ಜಾಗದಲ್ಲಿ ಇನ್ನೆರಡು ಸೋರಿಕೆ ಹುಟ್ಟುತ್ತವೆ, ಒಮ್ಮೆಗೇ ನೋಡಿಬಿಡಿ.

ಮೊದಲನೆಯದು __ಜಿಸಿ ಕ್ರಮ. ಲುವಾ 5.2ರಿಂದೀಚೆಗೆ, ಲುವಾ_ಸೆಟ್‌ಮೆಟಾಟೇಬಲ್ ಕರೆಯುವ ಹೊತ್ತಿಗೆ ಮೆಟಾಟೇಬಲ್‌ನಲ್ಲಿ __ಜಿಸಿ ಫೀಲ್ಡ್ ಇದ್ದರಷ್ಟೇ ಆ ಆಬ್ಜೆಕ್ಟ್‌ಗೆ ಫೈನಲೈಸರ್ ಗುರುತು ಬೀಳುತ್ತದೆ. ಯೂಸರ್‌ಡೇಟಾಗೆ ಮೆಟಾಟೇಬಲ್ ಮೊದಲು ಹಾಕಿ, __ಜಿಸಿಯನ್ನು ಆಮೇಲೆ ತುಂಬಿದರೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. __ಜಿಸಿ ಎಂದೂ ಓಡುವುದೂ ಇಲ್ಲ.

ಎರಡನೆಯದು ಲಾಂಗ್‌ಜಂಪ್. ಸಿ ಆಗಿ ಕಂಪೈಲ್ ಆದ ಲುವಾದಲ್ಲಿ ಎರರ್ ಎಂದರೆ ಲಾಂಗ್‌ಜಂಪ್. ನಿಮ್ಮ ಫಂಕ್ಷನ್ ಮಧ್ಯದಿಂದಲೇ ಹಾರಿಹೋಗುತ್ತದೆ, ಕೆಳಗೆ ಬರೆದಿಟ್ಟ ಫ್ರೀ ಓಡುವುದಿಲ್ಲ. ಲುವಾಎಲ್_ಚೆಕ್‌ಸ್ಟ್ರಿಂಗ್‌ನಿಂದ ಬಂದ ಹೆಸರನ್ನು ಸ್ಟ್ರ್‌ಡಪ್ ಮಾಡಿ (ಮ್ಯಾಲಾಕ್ ಮಾಡಿ ನಕಲು ತೆಗೆದು), ಮುಂದಿನ ಸಾಲಿನಲ್ಲಿ ಲುವಾಎಲ್_ಚೆಕ್‌ಇಂಟೀಜರ್ ಕರೆಯುವ ಕೋಡ್ ಎಲ್ಲೆಲ್ಲೂ ಕಾಣುತ್ತದೆ. ಸ್ಕ್ರಿಪ್ಟ್ ಎರಡನೇ ಆರ್ಗ್ಯುಮೆಂಟ್ ತಪ್ಪು ಕೊಟ್ಟಾಗಲೆಲ್ಲ ಆ ಸ್ಟ್ರ್‌ಡಪ್ ಸೋರುತ್ತದೆ. ಇದು ನಿಜವಾದ ‘ಕಳೆದುಹೋದ’ ಮೆಮೊರಿ, ವಾಲ್‌ಗ್ರಿಂಡ್ ಹಿಡಿಯುತ್ತದೆ, ಆದರೆ ಟೆಸ್ಟ್‌ನಲ್ಲಿ ತಪ್ಪು ಆರ್ಗ್ಯುಮೆಂಟ್ ಕೊಟ್ಟು ನೋಡಿದರೆ ಮಾತ್ರ.

ಎಲ್ಲ ಚೆಕ್‌ಗಳನ್ನು ಮೇಲೆ ತಂದು ಮ್ಯಾಲಾಕ್ ಕೆಳಗೆ ಇಡುವುದು ಅರ್ಧ ಪರಿಹಾರ. ಲುವಾ_ಪುಶ್‌ಎಲ್‌ಸ್ಟ್ರಿಂಗ್ ಥರದ ಮುಗ್ಧ ಕರೆ ಕೂಡ ಮೆಮೊರಿ ಸಾಲದೆ ಹೋದರೆ ಎರರ್ ಎಸೆಯುತ್ತದೆ. ತಾತ್ಕಾಲಿಕ ಬಫರ್ ಬೇಕಿದ್ದರೆ ಅದನ್ನು ಯೂಸರ್‌ಡೇಟಾ ಆಗಿಯೇ ತೆಗೆದುಕೊಳ್ಳಿ, ಕಲೆಕ್ಟರ್ ನೋಡಿಕೊಳ್ಳುತ್ತದೆ. ಫೈಲ್, ಸಾಕೆಟ್ ಥರದ್ದಾದರೆ ಕ್ರಮ ಹೀಗಿರಲಿ: ಮೊದಲು ಯೂಸರ್‌ಡೇಟಾ, ಒಳಗಿನ ಪಾಯಿಂಟರ್ ನಲ್, ಆಮೇಲೆ ಸೆಟ್‌ಮೆಟಾಟೇಬಲ್, ಕೊನೆಗೆ ತೆರೆಯುವುದು. ಆಗ ಯಾವ ಸಾಲಿನಲ್ಲಿ ಹಾರಿದರೂ __ಜಿಸಿ ಕಾದಿರುತ್ತದೆ. __ಜಿಸಿ ಒಳಗೆ ನಲ್ ಪರೀಕ್ಷೆ ಕಡ್ಡಾಯ.

ಬಯಲುಸೀಮೆ

ತುಂಗಾತೀರ ಅವರ ಗೆಟ್‌ಟಾಪ್ ಸ್ಥಿರವಾಗಿದೆ, ಆದರೂ ಬೇರೆ ಓದುಗರಿಗಾಗಿ ಬರೆಯುತ್ತೇನೆ. ಲುವಾ ಕರೆದ ಸಿ ಫಂಕ್ಷನ್ ಒಳಗೆ ಸ್ಟ್ಯಾಕ್‌ನಲ್ಲಿ ಏನು ಬಿಟ್ಟರೂ ಫಂಕ್ಷನ್ ಮುಗಿದಾಗ ತಾನಾಗಿ ಹೋಗುತ್ತದೆ. ಮುಖ್ಯ ಲೂಪ್‌ನ ತಳದಲ್ಲಿ ಗುಡಿಸುವವರು ಯಾರೂ ಇಲ್ಲ. ಲುವಾ_ಪಿಕಾಲ್ ಸೋತಾಗ ಎರರ್ ಮೆಸೇಜ್ ಸ್ಟ್ಯಾಕ್ ಮೇಲೆ ಉಳಿಯುತ್ತದೆ. ಟ್ರೇಸ್‌ಬ್ಯಾಕ್ ಹ್ಯಾಂಡ್ಲರ್ ಹಾಕಿದ್ದರೆ ಗೆದ್ದರೂ ಸೋತರೂ ಅದೂ ಉಳಿಯುತ್ತದೆ. ನಿಮಗೆ ಖಾತರಿ ಇರುವುದು 20 ಸ್ಲಾಟ್ ಮಾತ್ರ. ಅದನ್ನು ದಾಟಿ ಲುವಾ_ಚೆಕ್‌ಸ್ಟ್ಯಾಕ್ ಇಲ್ಲದೆ ಪುಶ್ ಮಾಡಿದರೆ ಸೋರಿಕೆಯಲ್ಲ, ಮೆಮೊರಿಯೇ ಹಾಳಾಗುತ್ತದೆ. ಈವೆಂಟ್ ಶುರುವಿನಲ್ಲಿ ಟಾಪ್ ಉಳಿಸಿಕೊಂಡು, ಕೊನೆಯಲ್ಲಿ ಲುವಾ_ಸೆಟ್‌ಟಾಪ್ ಮಾಡಿ. ಟೆಸ್ಟ್ ಬಿಲ್ಡ್‌ನಲ್ಲಿ ಲುವಾ_ಯೂಸ್_ಎಪಿಐಚೆಕ್ ಡಿಫೈನ್ ಮಾಡಿ ಲುವಾ ಕಂಪೈಲ್ ಮಾಡಿದರೆ ಇಂಥವು ಅಸರ್ಟ್ ಆಗಿ ಅಲ್ಲೇ ಬೀಳುತ್ತವೆ.

ಇನ್ನೊಂದು: ಕ್ಯಾಶ್‌ಗೆ ವೀಕ್ ಟೇಬಲ್ ಹಾಕಿ ನಿಶ್ಚಿಂತೆಯಿಂದ ಇರುವವರಿದ್ದಾರೆ. ಕೀ ಮತ್ತು ವ್ಯಾಲ್ಯೂ ಎರಡೂ ಸ್ಟ್ರಿಂಗ್ ಆಗಿದ್ದರೆ ಆ ಟೇಬಲ್ ಎಂದಿಗೂ ಖಾಲಿಯಾಗುವುದಿಲ್ಲ. ವೀಕ್ ಟೇಬಲ್ ದೃಷ್ಟಿಯಲ್ಲಿ ಸ್ಟ್ರಿಂಗ್ ಎಂದರೆ ನಂಬರ್ ಇದ್ದ ಹಾಗೆ, ಅದನ್ನು ತೆಗೆದುಹಾಕುವುದಿಲ್ಲ.

ಕಬಿನಿ

ನನ್ನದು ಸ್ವಲ್ಪ ಬೇರೆ. ಯೂಸರ್‌ಡೇಟಾ ಒಳಗೆ ಒಂದು ಪಾಯಿಂಟರ್, ಅದರ ಹಿಂದೆ ಸಿ ಲೈಬ್ರರಿ ತೆರೆದ 10 ಎಂಬಿ ಚಿತ್ರ. ಲುವಾ ಕೌಂಟ್ ತೀರಾ ಕಡಿಮೆ, ಆದರೆ ಪ್ರೋಸೆಸ್ ಗಿಗಾಬೈಟ್‌ಗಟ್ಟಲೆ ಹೋಗುತ್ತದೆ. ಕೈಯಾರೆ ಕಲೆಕ್ಟ್ ಮಾಡಿದರೆ ಎಲ್ಲ ಇಳಿಯುತ್ತದೆ. ಇದನ್ನು ಸೋರಿಕೆ ಎನ್ನಬೇಕೇ?

ಕಾರವಾರದ ಕಡೆಯವ

ಅಲ್ಲ, ಆದರೆ ಪರಿಣಾಮ ಅದೇ. ಕಲೆಕ್ಟರ್ ಕಣ್ಣಿಗೆ ಆ ಚಿತ್ರ ಕೆಲವೇ ಹತ್ತು ಬೈಟ್. ಪಾಜ್ (ಎರಡು ಸುತ್ತುಗಳ ನಡುವಿನ ವಿರಾಮ) ಮೌಲ್ಯ ಮೊದಲಿನಿಂದ 200, ಅಂದರೆ ಹಿಂದಿನ ಕಲೆಕ್ಷನ್ ಮುಗಿದಾಗ ಇದ್ದದ್ದರ ಎರಡರಷ್ಟು ಆಗುವ ತನಕ ಹೊಸ ಸುತ್ತು ಶುರುವಾಗುವುದಿಲ್ಲ. 2 ಎಂಬಿ ಇದ್ದ ಲುವಾ ಹೀಪ್ 4 ಎಂಬಿ ಮುಟ್ಟುವ ಮೊದಲು ನೂರಾರು ಚಿತ್ರ ಬಂದು ಹೋಗಿರುತ್ತವೆ.

ಮೂರು ದಾರಿ ಇವೆ. ಚಿತ್ರಕ್ಕೆ ಕ್ಲೋಸ್ ಮೆಥಡ್ ಕೊಡಿ, 5.4 ಆದರೆ __ಕ್ಲೋಸ್ ಕೂಡ ತುಂಬಿ, ಸ್ಕ್ರಿಪ್ಟ್‌ನಲ್ಲಿ ಲೋಕಲ್ ಹೆಸರಾದ ನಂತರ ಕ್ಲೋಸ್ ಗುರುತು ಹಾಕಲಿ, ಬ್ಲಾಕ್ ಮುಗಿದ ತಕ್ಷಣ ಬಿಡುಗಡೆ. ಅಥವಾ ಪಿಕ್ಸೆಲ್‌ಗಳನ್ನೇ ಯೂಸರ್‌ಡೇಟಾ ಒಳಗೆ ತೆಗೆದುಕೊಳ್ಳಿ, ಆಗ ಕಲೆಕ್ಟರ್‌ಗೆ ನಿಜವಾದ ಗಾತ್ರ ಗೊತ್ತಾಗುತ್ತದೆ. ಆದರೆ ನಿಮ್ಮ ಲೈಬ್ರರಿ ತನ್ನದೇ ಮ್ಯಾಲಾಕ್ ಮಾಡುತ್ತಿದ್ದರೆ ಇದು ನಡೆಯುವುದಿಲ್ಲ. ಮೂರನೆಯದು, ಪ್ರತಿ ಚಿತ್ರ ತೆರೆದ ಮೇಲೆ ಲುವಾ_ಜಿಸಿಗೆ ಸ್ಟೆಪ್ ಆಜ್ಞೆ ಕೊಟ್ಟು, ಅದರ ಗಾತ್ರವನ್ನು ಕಿಲೋಬೈಟ್‌ನಲ್ಲಿ ತಿಳಿಸುವುದು; 10 ಎಂಬಿಗೆ 10240. ಅಷ್ಟು ಅಲೊಕೇಶನ್ ಆದಂತೆ ಕಲೆಕ್ಟರ್ ಮುಂದೆ ಸಾಗುತ್ತದೆ. ಆ ಕರೆಯ ಒಳಗೇ ಬೇರೆ ಆಬ್ಜೆಕ್ಟ್‌ಗಳ __ಜಿಸಿ ಓಡಬಹುದು, ಹಾಗಾಗಿ ನಿಮ್ಮ ಹೊಸ ಯೂಸರ್‌ಡೇಟಾ ಸ್ಟ್ಯಾಕ್ ಮೇಲೆ ಭದ್ರವಾಗಿರಲಿ. ನನ್ನ ಆಯ್ಕೆ ಮೊದಲನೆಯದು. ದುಬಾರಿ ವಸ್ತುವನ್ನು ಕಲೆಕ್ಟರ್ ಮರ್ಜಿಗೆ ಬಿಡಬಾರದು.

ಗಣಕಧಾರವಾಡ

ಪೈಥಾನ್ ಕೇಳಿದ್ರಲ್ಲ, ನೋಡ್ರಿ, ಅಲ್ಲಿ ಆಟ ಬೇರೆ. ಲುವಾದಾಗ ಸ್ಟ್ಯಾಕ್ ನಡುವೆ ನಿಂತಿರತದ, ಆಬ್ಜೆಕ್ಟ್ ಪಾಯಿಂಟರ್ ನಿಮ್ಮ ಕೈಗೆ ಬರೋದಿಲ್ಲ. ಸಿಪೈಥಾನ್‌ದಾಗ ನೇರ ಪಾಯಿಂಟರ್ ಕೈಗೆ ಬರತದ, ರೆಫ್‌ಕೌಂಟ್ (ಎಷ್ಟು ಕಡೆ ಹಿಡಿದಾರ ಅನ್ನೋ ಎಣಿಕೆ) ನೀವೇ ಸಂಭಾಳಿಸಬೇಕು. ಪ್ರತಿ ಫಂಕ್ಷನ್‌ಗೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಕೊಡೋ ರೆಫರೆನ್ಸ್ ನನ್ನದೋ, ಎರವಲೋ? ನಾನು ಕೊಟ್ಟದ್ದನ್ನ ಅದು ನುಂಗತದೋ, ಇಲ್ಲೋ?

ಎಂಬೆಡ್ ಮಾಡುವಾಗ ದಿನಾ ಬರೋವು ಇಷ್ಟು:

– ಪೈಇಂಪೋರ್ಟ್_ಇಂಪೋರ್ಟ್‌ಮಾಡ್ಯೂಲ್, ಪೈಆಬ್ಜೆಕ್ಟ್_ಗೆಟ್‌ಆಟ್ರ್‌ಸ್ಟ್ರಿಂಗ್, ಪೈಆಬ್ಜೆಕ್ಟ್_ಕಾಲ್‌ಆಬ್ಜೆಕ್ಟ್: ನಿಮ್ಮದು, ಪೈ_ಡೆಕ್‌ರೆಫ್ (ಎಣಿಕೆ ಒಂದು ಇಳಿಸೋದು) ಮಾಡಲೇಬೇಕು. ಕರೆದ ಫಂಕ್ಷನ್ ‘ನನ್’ (ಪೈಥಾನ್‌ನ ಖಾಲಿ ಬೆಲೆ) ಕೊಟ್ಟರೂ ಅಷ್ಟೇ.
– ಪೈಇಂಪೋರ್ಟ್_ಆ್ಯಡ್‌ಮಾಡ್ಯೂಲ್, ಪೈಮಾಡ್ಯೂಲ್_ಗೆಟ್‌ಡಿಕ್ಟ್, ಪೈಲಿಸ್ಟ್_ಗೆಟ್‌ಐಟಮ್, ಪೈಡಿಕ್ಟ್_ಗೆಟ್‌ಐಟಮ್‌ಸ್ಟ್ರಿಂಗ್: ಎರವಲು, ಮುಟ್ಟಬೇಡ್ರಿ.
– ಪೈಟಪಲ್_ಸೆಟ್‌ಐಟಮ್, ಪೈಲಿಸ್ಟ್_ಸೆಟ್‌ಐಟಮ್: ಕೊಟ್ಟದ್ದನ್ನ ನುಂಗತಾವ, ಸೋತರೂ ನುಂಗತಾವ.
– ಪೈಲಿಸ್ಟ್_ಅಪೆಂಡ್, ಪೈಡಿಕ್ಟ್_ಸೆಟ್‌ಐಟಮ್‌ಸ್ಟ್ರಿಂಗ್: ನುಂಗೋದಿಲ್ಲ, ತಮ್ಮದೊಂದು ಬೇರೆ ಎಣಿಕೆ ಹಾಕಿಕೊಳ್ತಾವ.
– ಪೈಮಾಡ್ಯೂಲ್_ಆ್ಯಡ್‌ಆಬ್ಜೆಕ್ಟ್: ಗೆದ್ದರೆ ಮಾತ್ರ ನುಂಗತದ. 3.10ರಿಂದ ಆ್ಯಡ್‌ಆಬ್ಜೆಕ್ಟ್‌ರೆಫ್ ಬಂದದ, ಅದನ್ನ ಬಳಸ್ರಿ.

ಈಗ ಒಂದು ಸಾಲು ಹತ್ತಿರದಿಂದ ನೋಡೋಣ. ಪೈಡಿಕ್ಟ್_ಸೆಟ್‌ಐಟಮ್‌ಸ್ಟ್ರಿಂಗ್ ಕರೆದು, ಮೂರನೇ ಆರ್ಗ್ಯುಮೆಂಟ್ ಜಾಗದಾಗ ಅಲ್ಲೇ ಪೈಲಾಂಗ್_ಫ್ರಮ್‌ಲಾಂಗ್ ಬರೆದುಬಿಡತಾರ. ಹೊಸ ಇಂಟ್‌ಗೆ ಎಣಿಕೆ 1, ಡಿಕ್ಟ್ ಹಿಡಿದ ಮೇಲೆ 2. ನಿಮ್ಮ 1 ಇಳಿಸಲು ಪಾಯಿಂಟರೇ ಕೈಯಾಗ ಇಲ್ಲ. 64 ಬಿಟ್‌ನಾಗ ಚಿಕ್ಕ ಇಂಟ್ ಆಬ್ಜೆಕ್ಟ್ 28 ಬೈಟ್, ಅಲೊಕೇಟರ್ ಕೊಡೋದು 32. ಹತ್ತು ಲಕ್ಷ ಕರೆಗೆ 32 ಎಂಬಿ ಆಸುಪಾಸು. ಆದರೆ ಟೆಸ್ಟ್‌ದಾಗ 5 ಅಂತ ಕೊಟ್ಟರೆ ಒಂದು ಬೈಟೂ ಏರೋದಿಲ್ಲ. ಯಾಕಂದರೆ -5ರಿಂದ 256ರ ತನಕದ ಇಂಟ್‌ಗಳು ಮೊದಲೇ ಮಾಡಿಟ್ಟವು. ಟೆಸ್ಟ್ ಬರೆಯುವಾಗ ದೊಡ್ಡ ನಂಬರ್, ಪ್ರತಿ ಸಲ ಬೇರೆ ಸ್ಟ್ರಿಂಗ್ ಕೊಡ್ರಿ.

ಸ್ಟ್ರಿಂಗ್ ವಿಷಯ: ಪೈಯೂನಿಕೋಡ್_ಆ್ಯಸ್‌ಯುಟಿಎಫ್8 ಕೊಡೋ ಪಾಯಿಂಟರ್ ಆ ಆಬ್ಜೆಕ್ಟಿಂದು, ಫ್ರೀ ಮಾಡಬಾರದು. ಹೆಸರಿನ ಕೊನೆಗೆ ‘ಸ್ಟ್ರಿಂಗ್’ ಇರೋ ಅದರ ಅಣ್ಣ ಹೊಸ ಬೈಟ್ಸ್ ಆಬ್ಜೆಕ್ಟ್ ಕೊಡತದ, ಅದನ್ನ ಡೆಕ್‌ರೆಫ್ ಮಾಡಬೇಕು. ಪೈಆರ್ಗ್_ಪಾರ್ಸ್‌ಟಪಲ್‌ದಾಗ ನಕ್ಷತ್ರ ಇರೋ ಫಾರ್ಮ್ಯಾಟ್ ಬಳಸಿದರೆ ಪೈಬಫರ್_ರಿಲೀಸ್ ಕಡ್ಡಾಯ.

ಎಕ್ಸೆಪ್ಶನ್ ಇನ್ನೊಂದು ಗುಂಡಿ. ಎಕ್ಸೆಪ್ಶನ್ ಟ್ರೇಸ್‌ಬ್ಯಾಕ್ ಹಿಡಿದಿರತದ, ಟ್ರೇಸ್‌ಬ್ಯಾಕ್ ಫ್ರೇಮ್‌ಗಳನ್ನ, ಫ್ರೇಮ್ ಅಲ್ಲಿದ್ದ ಎಲ್ಲ ಲೋಕಲ್‌ಗಳನ್ನ. ಪೈಎರ್_ಫೆಚ್ ಮಾಡಿದರೆ ಮೂರು ರೆಫರೆನ್ಸ್ ನಿಮ್ಮವು, ಮೂರನ್ನೂ ಎಕ್ಸ್‌ಡೆಕ್‌ರೆಫ್ ಮಾಡ್ರಿ, 3.12ರಿಂದ ಪೈಎರ್_ಗೆಟ್‌ರೈಸ್ಡ್‌ಎಕ್ಸೆಪ್ಶನ್ ಅದ, ಒಂದೇ ಆಬ್ಜೆಕ್ಟ್. ಪೈಎರ್_ಪ್ರಿಂಟ್ ಅಂತೂ ಛಾಪಿಸಿದ ಮೇಲೆ ಆ ಎಕ್ಸೆಪ್ಶನ್ನನ್ನ ಸಿಸ್ ಮಾಡ್ಯೂಲ್‌ನ ಲಾಸ್ಟ್_ವ್ಯಾಲ್ಯೂ, ಲಾಸ್ಟ್_ಟ್ರೇಸ್‌ಬ್ಯಾಕ್ ಒಳಗ ಇಟ್ಟುಬಿಡತದ. ಮುಂದಿನ ಎರರ್ ಬರೋ ತನಕ ಆ ಲೋಕಲ್‌ಗಳಾಗ ಇದ್ದ ದೊಡ್ಡ ಡೇಟಾ ಎಲ್ಲ ಜೀವಂತ. ಡೀಮನ್‌ದಾಗ ಪೈಎರ್_ಪ್ರಿಂಟ್‌ಇಎಕ್ಸ್‌ಗೆ 0 ಕೊಟ್ಟು ಕರೀರಿ, ಉಳಿಸೋದಿಲ್ಲ. ಎರಡೂ ಸಿಸ್ಟಮ್‌ಎಕ್ಸಿಟ್ ಬಂದರೆ ಪ್ರೋಸೆಸ್ಸನ್ನೇ ಮುಗಿಸತಾವ, ಮೊದಲು ಅದನ್ನ ಪರೀಕ್ಷಿಸ್ರಿ.

ಕಬಿನಿ

ಇಷ್ಟೆಲ್ಲ ಹುಡುಕುವ ಬದಲು ಗಂಟೆಗೊಮ್ಮೆ ಇಂಟರ್‌ಪ್ರಿಟರನ್ನೇ ಮುಚ್ಚಿ ಮತ್ತೆ ತೆರೆದರೆ ಆಗದೇ?

ಗಣಕಧಾರವಾಡ

ಲುವಾಕ್ಕೆ ಆಗತದ. ಪೈಥಾನ್‌ಗೆ ಬೇಡ್ರಿ. ಪೈ_ಫೈನಲೈಸ್‌ಇಎಕ್ಸ್ ಎಲ್ಲವನ್ನೂ ಬಿಡುಗಡೆ ಮಾಡತದ ಅಂತ ಅದರ ದಾಖಲೆಯೇ ಭರವಸೆ ಕೊಡೋದಿಲ್ಲ: ಎಕ್ಸ್‌ಟೆನ್ಶನ್ ಮಾಡ್ಯೂಲ್‌ಗಳ ಮೆಮೊರಿ, ಸುತ್ತುಕೊಂಡಿಯಾಗ ಸಿಕ್ಕವು ಉಳೀಬಹುದು, ಕೆಲವು ಎಕ್ಸ್‌ಟೆನ್ಶನ್‌ಗಳು ಎರಡನೇ ಸಲ ಇನಿಷಿಯಲೈಸ್ ಮಾಡಿದರೆ ಸರಿಯಾಗಿ ನಡೆಯೋದಿಲ್ಲ ಅಂತ ಬರೆದೇ ಇದ್ದಾರ. ಮುಚ್ಚಿ ತೆರೆದಷ್ಟೂ ಸೋರಿಕೆ ಹೆಚ್ಚೇ ಆಗಬಹುದು.

ಭರವಸೆ ಇಲ್ಲದ ಮಾಡ್ಯೂಲ್ ಬಳಸಲೇಬೇಕಾದರೆ ಪೈಥಾನನ್ನ ಬೇರೆ ವರ್ಕರ್ ಪ್ರೋಸೆಸ್‌ಗೆ ಹಾಕ್ರಿ, ಇಷ್ಟು ರಿಕ್ವೆಸ್ಟ್ ಆದ ಮೇಲೆ ಆ ಪ್ರೋಸೆಸ್ ಮುಗಿಸಿ ಹೊಸದು ಹುಟ್ಟಿಸ್ರಿ. ಸಿಯಲ್ಲೇ ಬರೆದು ಪೈಥಾನ್ ಎಂಬೆಡ್ ಮಾಡಿದ ಯುಡಬ್ಲ್ಯುಎಸ್‌ಜಿಐ ಸರ್ವರ್‌ದಾಗ ಮ್ಯಾಕ್ಸ್-ರಿಕ್ವೆಸ್ಟ್ಸ್ ಅನ್ನೋ ಆಯ್ಕೆ ಇರೋದು ಇದಕ್ಕೇ. ಅಪಾಚೆಯ ಮ್ಯಾಕ್ಸ್‌ಕನೆಕ್ಷನ್ಸ್‌ಪರ್‌ಚೈಲ್ಡ್ ಕೂಡ ಅದೇ ಕೆಲಸ.

ಸಹ್ಯಾದ್ರಿ

ಒಪ್ಪುತ್ತೇನೆ, ಆದರೆ ವರ್ಕರ್ ಮರುಹುಟ್ಟು ನಮ್ಮದೇ ಕೋಡ್‌ನ ಸೋರಿಕೆಗೆ ಮುಚ್ಚಳ ಆಗಬಾರದು. ಟೆಸ್ಟ್‌ನಲ್ಲಿ ಅದನ್ನು ಆಫ್ ಮಾಡಿಯೇ ಓಡಿಸಿ.

ಪೈಥಾನ್ ಕಡೆ ಆರ್‌ಎಸ್‌ಎಸ್ ಇಳಿಯದಿದ್ದರೆ ತಕ್ಷಣ ಗಾಬರಿಯಾಗುವುದೂ ಬೇಡ. 512 ಬೈಟ್ ತನಕದ ಆಬ್ಜೆಕ್ಟ್‌ಗಳು ಪೈಥಾನ್‌ನ ಸ್ವಂತ ಅಲೊಕೇಟರ್‌ನಿಂದ ಬರುತ್ತವೆ. ಅದು ಅರೀನಾ ಎಂಬ ದೊಡ್ಡ ತುಂಡುಗಳನ್ನು ತೆಗೆದುಕೊಳ್ಳುತ್ತದೆ. ಮೊದಲು 256 ಕೆಬಿ ಇತ್ತು, 3.10ರಿಂದ 64 ಬಿಟ್ ಯಂತ್ರಗಳಲ್ಲಿ 1 ಎಂಬಿ. ಒಂದು ಅರೀನಾದಲ್ಲಿ ಒಂದೇ ಒಂದು ಆಬ್ಜೆಕ್ಟ್ ಬದುಕಿದ್ದರೂ ಅದು ಸಿಸ್ಟಮ್‌ಗೆ ವಾಪಸ್ ಹೋಗುವುದಿಲ್ಲ. ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಸೋರಿಕೆಯಲ್ಲ. ಸಿಸ್.ಗೆಟ್‌ಅಲೊಕೇಟೆಡ್‌ಬ್ಲಾಕ್ಸ್ ಎಣಿಕೆ ನೋಡಿ, ಅದು ಆರ್‌ಎಸ್‌ಎಸ್‌ಗಿಂತ ಪ್ರಾಮಾಣಿಕ.

ಅದೇ ಕಾರಣಕ್ಕೆ ವಾಲ್‌ಗ್ರಿಂಡ್ ಅಥವಾ ಅಡ್ರೆಸ್ ಸ್ಯಾನಿಟೈಸರ್ ಹಾಕುವ ಮೊದಲು ಪೈಥಾನ್‌ಮ್ಯಾಲಾಕ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ "ಮ್ಯಾಲಾಕ್" ಎಂದು ಕೊಡಿ, ಆಗ ಪ್ರತಿ ಆಬ್ಜೆಕ್ಟ್ ಬೇರೆ ಮ್ಯಾಲಾಕ್ ಆಗಿ ಕಾಣುತ್ತದೆ. ಐಸೊಲೇಟೆಡ್ ಕಾನ್ಫಿಗ್‌ನಿಂದ ಶುರು ಮಾಡುವವರಿಗೆ ಇದು ಕೆಲಸ ಮಾಡುವುದಿಲ್ಲ, ಅಲ್ಲಿ ಎನ್ವಿರಾನ್ಮೆಂಟ್ ಓದುವುದೇ ಇಲ್ಲ. ಪೈಪ್ರಿಕಾನ್ಫಿಗ್‌ನ ಅಲೊಕೇಟರ್ ಫೀಲ್ಡ್‌ನಲ್ಲಿ ಹೇಳಬೇಕು. ಟ್ರೇಸ್‌ಮ್ಯಾಲಾಕ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಪೈಥಾನ್ ಅಲೊಕೇಟರ್ ದಾಟಿದ ಮೆಮೊರಿ ಮಾತ್ರ ಕಾಣುತ್ತದೆ. ನಿಮ್ಮ ಸಿ ಮ್ಯಾಲಾಕ್ ಕಾಣುವುದಿಲ್ಲ.

ಮಲೆಮಹದೇಶ್ವರ_ಬೆಟ್ಟ

ಪರ್ಲ್ ಎಂಬೆಡ್ ಮಾಡಿದವರಿಗೆ ಚಿಕ್ಕ ಟಿಪ್ಪಣಿ. ಅಲ್ಲಿ ಪ್ರತಿ ಕರೆಯ ಸುತ್ತ ಎಂಟರ್, ಸೇವ್‌ಟೆಂಪ್ಸ್, ಪುಶ್‌ಮಾರ್ಕ್, ಆರ್ಗ್ಯುಮೆಂಟ್‌ಗಳು, ಪುಟ್‌ಬ್ಯಾಕ್, ಕಾಲ್, ಸ್ಪಗೇನ್, ಪಾಪ್, ಪುಟ್‌ಬ್ಯಾಕ್, ಫ್ರೀಟೆಂಪ್ಸ್, ಲೀವ್ ಎಂಬ ಕ್ರಮ ಇರಬೇಕು. ಸೇವ್‌ಟೆಂಪ್ಸ್–ಫ್ರೀಟೆಂಪ್ಸ್ ಜೋಡಿ ಬಿಟ್ಟರೆ ಮಾರ್ಟಲ್ ಮಾಡಿದ, ಅಂದರೆ ತಾತ್ಕಾಲಿಕ ಎಂದು ಗುರುತಿಸಿದ ಎಸ್‌ವಿಗಳು (ಪರ್ಲ್ ಬೆಲೆಗಳು) ಹೊರಗಿನ ಸ್ಕೋಪ್ ಮುಗಿಯಲಿ ಎಂದು ಕಾಯುತ್ತವೆ. ಸಿ ಮುಖ್ಯ ಲೂಪ್‌ಗೆ ಅಂಥ ಹೊರಗಿನ ಸ್ಕೋಪೇ ಇಲ್ಲ, ಹಾಗಾಗಿ ಎಲ್ಲ ಗುಡ್ಡೆ ಬೀಳುತ್ತದೆ. ಇನ್ನೊಂದು, ಹೊಸ ಅರೇಗೆ ನ್ಯೂಆರ್‌ವಿ_ಇಂಕ್ ಹಾಕಿದರೆ ಎಣಿಕೆ 2 ಆಗುತ್ತದೆ, ಬೇಕಿರುವುದು ನ್ಯೂಆರ್‌ವಿ_ನೋಇಂಕ್. ಎಚ್‌ವಿ_ಸ್ಟೋರ್ ನಲ್ ಕೊಟ್ಟರೆ ನೀವು ಕೊಟ್ಟ ವ್ಯಾಲ್ಯೂವಿನ ಎಣಿಕೆ ನೀವೇ ಇಳಿಸಬೇಕು. ಅನುಮಾನ ಬಂದ ಎಸ್‌ವಿಯನ್ನು ಡೆವೆಲ್::ಪೀಕ್‌ನ ಡಂಪ್‌ಗೆ ಕೊಟ್ಟರೆ ರೆಫ್‌ಕೌಂಟ್ ಕಣ್ಣಿಗೆ ಕಾಣುತ್ತದೆ.

ತುಂಗಾತೀರ

ಯೂಸರ್‌ವ್ಯಾಲ್ಯೂ, ವೀಕ್ ಟೇಬಲ್, ಸ್ಟಾರ್ಟ್–ಸ್ಟಾಪ್ ಮೂರೂ ಹಾಕಿದ ಮೇಲೆ ಎಲ್ಲ ಸೆನ್ಸರ್‌ಗಳ __ಜಿಸಿ ಬರುತ್ತಿದೆ, ಲುವಾ ಕೌಂಟ್ ಮಟ್ಟಸವಾಗಿ ನಿಂತಿದೆ. ಎಲ್ಲರಿಗೂ ಧನ್ಯವಾದ. ಇದು ಮತ್ತೆ ಒಳನುಸುಳದಂತೆ ಟೆಸ್ಟ್ ಹೇಗೆ ಬರೆಯುವುದು? ಆರ್‌ಎಸ್‌ಎಸ್ ಮೇಲೆ ಅಸರ್ಟ್ ಹಾಕಿದರೆ ಒಮ್ಮೊಮ್ಮೆ ಸುಮ್ಮನೆ ಫೇಲ್ ಆಗುತ್ತದೆ.

ಬಯಲುಸೀಮೆ

ಆರ್‌ಎಸ್‌ಎಸ್ ಮೇಲೆ ಅಸರ್ಟ್ ಬೇಡ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ ಫ್ರೀ ಆದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಥ್ರೆಡ್‌ಗಳಿದ್ದರೆ ಒಂದೊಂದಕ್ಕೂ ಅರೀನಾ ಬೇರೆ. ಎಣಿಕೆ ಮೇಲೆ ಅಸರ್ಟ್ ಹಾಕಿ.

ಸೆನ್ಸರ್ ಹುಟ್ಟಿಸಿ, ಕಾಲ್‌ಬ್ಯಾಕ್ ಕೊಟ್ಟು, ಈವೆಂಟ್ ಕಳಿಸಿ, ಸ್ಟಾಪ್ ಮಾಡುವ ಸುತ್ತನ್ನು ಮೊದಲು 1,000 ಸಲ ಓಡಿಸಿ. ಟೇಬಲ್‌ಗಳು ಬೆಳೆದು ಒಂದು ಗಾತ್ರಕ್ಕೆ ಬರಲಿ. ಎರಡು ಕಲೆಕ್ಟ್, ಆಮೇಲೆ ಸ್ವಂತ ಅಲೊಕೇಟರ್‌ನ ಲೆಕ್ಕ ಬರೆದುಕೊಳ್ಳಿ. ಮತ್ತೆ 10,000 ಸಲ, ಮತ್ತೆ ಎರಡು ಕಲೆಕ್ಟ್, ಮತ್ತೆ ಲೆಕ್ಕ. ವ್ಯತ್ಯಾಸವನ್ನು 10,000ರಿಂದ ಭಾಗಿಸಿ. ಸುತ್ತಿಗೆ ಒಂದು ಬೈಟ್‌ಗಿಂತ ಕಡಿಮೆ ಇದ್ದರೆ ಅದು ಟೇಬಲ್ ಗಾತ್ರದ ಏರಿಳಿತ. ಹತ್ತಾರು ಬೈಟ್ ಬಂದರೆ ಪ್ರತಿ ಸುತ್ತಿಗೂ ಒಂದು ಆಬ್ಜೆಕ್ಟ್ ಉಳಿಯುತ್ತಿದೆ. ಜೊತೆಗೆ ರಿಜಿಸ್ಟ್ರಿಯ ಫಂಕ್ಷನ್ ಎಣಿಕೆ ಮತ್ತು ಗೆಟ್‌ಟಾಪ್ ಮೊದಲಿನಷ್ಟೇ ಇರಬೇಕು.

ಇದೇ ಸುತ್ತನ್ನು ಎರಡು ರೂಪದಲ್ಲಿ ಮತ್ತೆ ಓಡಿಸಿ: ಕಾಲ್‌ಬ್ಯಾಕ್ ಒಳಗೆ ಎರರ್ ಎಸೆದು ಒಮ್ಮೆ, ಕನ್‌ಸ್ಟ್ರಕ್ಟರ್‌ಗೆ ತಪ್ಪು ಟೈಪ್ ಕೊಟ್ಟು ಒಮ್ಮೆ. ಮತ್ತು ಅಲೊಕೇಟರ್ ನಿಮ್ಮದೇ ಆದ್ದರಿಂದ ಇನ್ನೊಂದು ಅನುಕೂಲ ಇದೆ: ಎನ್‌ನೇ ಕೋರಿಕೆಗೆ ನಲ್ ವಾಪಸ್ ಮಾಡುವಂತೆ ಬರೆದು, ಎನ್ ಬೆಲೆಯನ್ನು 1ರಿಂದ ಏರಿಸುತ್ತಾ ಹೋಗಿ. ಪ್ರತಿ ಸಾಲಿನಲ್ಲೂ ಮೆಮೊರಿ ಎರರ್ ಬರುವಂತೆ ಮಾಡಿ ವಾಲ್‌ಗ್ರಿಂಡ್ ಅಡಿಯಲ್ಲಿ ಓಡಿಸಿದರೆ ಲಾಂಗ್‌ಜಂಪ್ ಸೋರಿಕೆಗಳೆಲ್ಲ ಫೈಲ್ ಹೆಸರು, ಸಾಲಿನ ನಂಬರ್ ಸಮೇತ ಸಿಗುತ್ತವೆ. ಒಂದೇ ಜಾಗದಲ್ಲಿ ಎಚ್ಚರ: ಅಲೊಕೇಶನ್ ಸೋತ ತಕ್ಷಣ ಲುವಾ ಪೂರ್ಣ ಕಲೆಕ್ಷನ್ ಮಾಡಿ ಇನ್ನೊಮ್ಮೆ ಕೇಳುತ್ತದೆ. ಹಾಗಾಗಿ ಒಂದು ಸಲ ನಲ್ ಕೊಟ್ಟರೆ ಸಾಲದು, ಎನ್ ದಾಟಿದ ಮೇಲೆ ಬರುವ, ಗಾತ್ರ ಹೆಚ್ಚಿಸುವ ಎಲ್ಲ ಕೋರಿಕೆಗೂ ನಲ್ ಕೊಡಿ. ಗಾತ್ರ ಇಳಿಸುವ ಕೋರಿಕೆಗೆ ಮಾತ್ರ ನಲ್ ಕೊಡಬೇಡಿ, ಅದು ಸೋಲುವುದಿಲ್ಲ ಎಂದೇ 5.3ರ ತನಕದ ಲುವಾ ನಂಬಿತ್ತು.